ಎಸ್ಕಲೇಟರ್ ನಿಂತಿತ್ತು, ಕಾಲಿಗೆ ಗೊತ್ತಿರಲಿಲ್ಲ

ಬೀಳಲಿಲ್ಲ, ಬರೀ ಮುಗ್ಗರಿಸಿದೆ. ಬಿದ್ದಿದ್ದರೆ ಈ ಕಥೆ ಮೂಳೆ ಡಾಕ್ಟರ ಹತ್ತಿರ ಮುಗಿಯುತ್ತಿತ್ತು. ಮುಗ್ಗರಿಸಿದ್ದರಿಂದ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಆ ಹುಳ ಎರಡು ವಾರ ನನ್ನನ್ನು ಬಿಡಲಿಲ್ಲ.

ಒಂದು ದೊಡ್ಡ ಕಟ್ಟಡ. ನೆಲಮಹಡಿಯಿಂದ ಮೇಲೆ ಹೋಗುವ ಎಸ್ಕಲೇಟರ್ ಕೆಟ್ಟು ನಿಂತಿತ್ತು. ಲಿಫ್ಟ್ ಮುಂದೆ ಉದ್ದ ಸಾಲು. ಎಸ್ಕಲೇಟರ್ ಪಕ್ಕ ಒಂದು ಬೋರ್ಡ್ ಇಟ್ಟಿದ್ದರು: ಕೆಟ್ಟಿದೆ, ಮೆಟ್ಟಿಲಿನ ಹಾಗೆ ಹತ್ತಿ ಹೋಗಿ. ನಾನು ಓದಿದೆ. ಹಿಂದೆ ಇದ್ದ ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಮೆಟ್ಟಿಲುಗಳು ಅಲುಗಾಡದೆ ನಿಂತಿರುವುದು ಕಣ್ಣಿಗೆ ಕಾಣುತ್ತಿತ್ತು. ಮೋಟಾರಿನ ಗುಂಯ್ ಸದ್ದು ಇರಲಿಲ್ಲ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಹೆಜ್ಜೆ ಇಟ್ಟೆ. ಬಲಗಾಲು ಮೊದಲ ಮೆಟ್ಟಿಲ ಮೇಲೆ ಊರಿತು. ಯಾರೋ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ನೂಕಿದ ಹಾಗೆ ಮೈ ಮುಂದಕ್ಕೆ ವಾಲಿತು. ಅದೇ ಹೊತ್ತಿಗೆ ಕಾಲು ನೆಲಕ್ಕೆ ಅಂಟಿದ ಹಾಗೆ ಭಾರ ಅನ್ನಿಸಿತು. ಎಡಗಾಲಿನ ಬೆರಳು ಮುಂದಿನ ಮೆಟ್ಟಿಲ ಅಂಚಿಗೆ ತಗುಲಿತು. ಕೈ ತಾನಾಗಿಯೇ ಹೋಗಿ ಪಕ್ಕದ ಕಪ್ಪು ರಬ್ಬರ್ ಪಟ್ಟಿ ಹಿಡಿದುಕೊಂಡಿತು.

"ಯಾಕೆ, ಏನಾಯ್ತೇ?"

"ಏನಿಲ್ಲಮ್ಮ, ಕಾಲು ಜಾರ್ತು."

ಅದು ಸುಳ್ಳು. ಕಾಲು ಜಾರಿರಲಿಲ್ಲ. ಚಪ್ಪಲಿ ಹೊಸದಲ್ಲ, ನೆಲ ಒದ್ದೆ ಇರಲಿಲ್ಲ, ಫೋನ್ ಕೈಯಲ್ಲಿರಲಿಲ್ಲ. ಇನ್ನೊಂದು ಕೈಯಲ್ಲಿ ಹಗುರವಾದ ಒಂದು ಚೀಲ ಇತ್ತು, ಅಷ್ಟೇ. ಎಸ್ಕಲೇಟರ್ ಕಂಡರೆ ಹೆದರಿ ಯಾವಾಗಲೂ ಲಿಫ್ಟ್‌ಗೇ ಹೋಗುವ ಅಮ್ಮ, ಆವತ್ತು ಏನೂ ಆಗದವರ ಹಾಗೆ ಹತ್ತಿಕೊಂಡು ಬಂದರು. ಮೇಲೆ ಬಂದ ಮೇಲೆ ಹೇಳಿದ್ದು ಒಂದೇ ಮಾತು: "ಮೆಟ್ಟಿಲೇ ಅಲ್ವಾ?"

ಈ ಪ್ರಕರಣದ ತಿರುಳು ಆ ಮಾತಿನಲ್ಲೇ ಇತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲ ಅನುಮಾನ: ಮೆಟ್ಟಿಲ ಎತ್ತರ

ಯಾರಿಗೆ ಹೇಳಿದರೂ ಮೊದಲು ಬರುವ ಉತ್ತರ ಇದೇ. "ಎಸ್ಕಲೇಟರ್ ಮೆಟ್ಟಿಲು ಒಂದೇ ಸಮ ಇರಲ್ಲ, ಅದಕ್ಕೇ ಎಡವಿದ್ದು." ಸುಮ್ನೆ ತಳ್ಳಿಹಾಕುವ ಉತ್ತರ ಅಲ್ಲ ಇದು. ಸಾಮಾನ್ಯ ಮೆಟ್ಟಿಲು 15ರಿಂದ 18 ಸೆಂಟಿಮೀಟರ್ ಎತ್ತರ ಇರುತ್ತದೆ. ಎಸ್ಕಲೇಟರ್ ಮೆಟ್ಟಿಲು 20 ಸೆಂಟಿಮೀಟರ್ ಆಸುಪಾಸು, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಜೊತೆಗೆ ಕೆಳಗಿನ ಮತ್ತು ಮೇಲಿನ ತುದಿಯಲ್ಲಿ ಮೆಟ್ಟಿಲುಗಳು ಚಪ್ಪಟೆಯಾಗಿ ನೆಲದ ಮಟ್ಟಕ್ಕೆ ಸೇರುತ್ತವೆ. ಹಾಗಾಗಿ ನಿಂತ ಎಸ್ಕಲೇಟರ್‌ನಲ್ಲಿ ಮೊದಲ ಮೆಟ್ಟಿಲು ಹೆಚ್ಚುಕಡಿಮೆ ಸಪಾಟು, ಎರಡನೆಯದು ಗಿಡ್ಡ, ಮೂರನೆಯದು ಸ್ವಲ್ಪ ಎತ್ತರ, ಆಮೇಲೆ ಪೂರ್ತಿ ಎತ್ತರ. ಕಾಲಿಗೆ ಲೆಕ್ಕ ತಪ್ಪುವುದು ಸಹಜ.

ಆದರೆ ಒಂದು ಸಣ್ಣ ತೊಡಕು ಇದೆ. ನನ್ನ ಮೈ ವಾಲಿದ್ದು ಮೊದಲ ಮೆಟ್ಟಿಲಲ್ಲೇ. ಎತ್ತರದ ವ್ಯತ್ಯಾಸ ಇನ್ನೂ ಶುರುವೇ ಆಗಿರಲಿಲ್ಲ.

ಈ ಅನುಮಾನವನ್ನು ಜಪಾನಿನ ಸಂಶೋಧಕರು ಬಲು ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ಫುಕುಯಿ, ಗೋಮಿ ಮತ್ತವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸ ಅದು. ನಿಂತ ಎಸ್ಕಲೇಟರ್‌ನ ಮೆಟ್ಟಿಲಂತೆಯೇ ಏರುಪೇರಾದ ಎತ್ತರದ ಮರದ ಮೆಟ್ಟಿಲು ಕಟ್ಟಿಸಿದರು. ಜನರನ್ನು ಓಡುವ ಎಸ್ಕಲೇಟರ್ ಮೇಲೂ, ನಿಂತ ಎಸ್ಕಲೇಟರ್ ಮೇಲೂ, ಆ ಮರದ ಮೆಟ್ಟಿಲ ಮೇಲೂ ಹತ್ತಿಸಿದರು. ಎತ್ತರ ಏರುಪೇರಾಗಿರುವುದೇ ಕಾರಣ ಆಗಿದ್ದರೆ ಮರದ ಮೆಟ್ಟಿಲಲ್ಲೂ ಅಷ್ಟೇ ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ವಿಚಿತ್ರ ಅನುಭವ ಜಾಸ್ತಿ ಆಗಿದ್ದು ನಿಜವಾದ, ನಿಂತ ಎಸ್ಕಲೇಟರ್ ಮೇಲೆ. ಅಂದರೆ ಅದು ಎಸ್ಕಲೇಟರ್ ಅಂತ ಗುರುತಾದ ಕೂಡಲೇ ಮೈ ಒಳಗೆ ಏನೋ ಶುರುವಾಗುತ್ತದೆ. ಅದು ಓಡುತ್ತಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಮೈ ಕಾಯುತ್ತಾ ಕೂರುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಓಡುವ ಎಸ್ಕಲೇಟರ್ ಮೇಲೆ ಕಾಲಿಡುವುದು ಎಷ್ಟು ಕಷ್ಟದ ಕೆಲಸ ಅಂತ ನಮಗೆ ನೆನಪೇ ಇರುವುದಿಲ್ಲ. ಅಮ್ಮನಂಥವರನ್ನು ನೋಡಿದರೆ ಗೊತ್ತಾಗುತ್ತದೆ.

ನಿಂತಿದ್ದ ಬಸ್ಸು ದಿಢೀರ್ ಅಂತ ಹೊರಟರೆ ನಿಂತವರು ಹಿಂದಕ್ಕೆ ಬೀಳುತ್ತಾರೆ. ಕಾಲು ಬಸ್ಸಿನ ಜೊತೆ ಹೋಗುತ್ತದೆ, ಮೈ ಹಿಂದೆ ಉಳಿಯುತ್ತದೆ. ಎಸ್ಕಲೇಟರ್ ಕೂಡ ಅಷ್ಟೇ. ಸಾಮಾನ್ಯವಾಗಿ ಅದು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಓಡುತ್ತದೆ. ಕಾಲು ಇಟ್ಟ ಕೂಡಲೇ ಪಾದವನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಮೈಯನ್ನು ಮೊದಲೇ ಅಷ್ಟು ಮುಂದಕ್ಕೆ ತಂದಿರದಿದ್ದರೆ ಬೆನ್ನ ಮೇಲೆ ಬೀಳುವುದೇ.

ಬಿದ್ದ ಮೇಲೆ ಸರಿಮಾಡಿಕೊಳ್ಳೋಣ ಅಂದರೆ ಸಮಯ ಸಾಲುವುದಿಲ್ಲ. ಅಂಗಾಲಿನ ಸುದ್ದಿ ಬೆನ್ನುಹುರಿ ಏರಿ ಮಿದುಳು ಮುಟ್ಟುವುದಕ್ಕೇ ಸುಮಾರು 40 ಮಿಲಿಸೆಕೆಂಡ್ ಬೇಕು. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಒಂದು ಮಿಲಿಸೆಕೆಂಡ್. ಅಲ್ಲಿಂದ ಉತ್ತರ ಹೊರಟು, ಸಮತೋಲ ಕಾಯುವ ಕಾಲಿನ ಸ್ನಾಯು ಕೆಲಸ ಶುರು ಮಾಡುವ ಹೊತ್ತಿಗೆ ಒಟ್ಟು 100 ಮಿಲಿಸೆಕೆಂಡ್ ಆಗಿರುತ್ತದೆ. ಸ್ನಾಯುವಿಗೆ ಪೂರ್ತಿ ಬಲ ಬರಲು ಇನ್ನೂ ಸ್ವಲ್ಪ. ಆ 100 ಮಿಲಿಸೆಕೆಂಡಿನಲ್ಲೇ ಎಸ್ಕಲೇಟರ್ ನಮ್ಮ ಪಾದವನ್ನು 5 ಸೆಂಟಿಮೀಟರ್ ಮುಂದಕ್ಕೆ ಒಯ್ದಿರುತ್ತದೆ. ಅಷ್ಟಾದ ಮೇಲೆ ಎಚ್ಚೆತ್ತುಕೊಳ್ಳುವ ಮೈ ಜಾಸ್ತಿ ದಿನ ಬಾಳುವುದಿಲ್ಲ.

ಅದಕ್ಕೇ ಮಿದುಳು ಮುಂಗಡವಾಗಿ ಕೆಲಸ ಮಾಡುತ್ತದೆ. ಇದನ್ನು ಕೂತಲ್ಲೇ ನೋಡಬಹುದು. ಎಡಗೈ ಅಂಗೈ ಮೇಲೆ ಒಂದು ದಪ್ಪ ಪುಸ್ತಕ ಇಟ್ಟುಕೊಳ್ಳಿ. ಬಲಗೈಯಿಂದ ನೀವೇ ಅದನ್ನು ಎತ್ತಿ. ಎಡಗೈ ಅಲುಗಾಡುವುದಿಲ್ಲ. ಈಗ ಬೇರೆ ಯಾರಾದರೂ ಎತ್ತಲಿ. ನೀವು ಕಣ್ಣುಬಿಟ್ಟು ನೋಡುತ್ತಿದ್ದರೂ ಎಡಗೈ ಸ್ವಲ್ಪ ಮೇಲಕ್ಕೆ ಹಾರುತ್ತದೆ. ನೀವೇ ಎತ್ತುವಾಗ ಮಿದುಳು ಬಲಗೈಗೆ ಆಜ್ಞೆ ಕಳಿಸುವುದರ ಜೊತೆಗೇ ಎಡಗೈಗೆ "ಭಾರ ಹೋಗ್ತಿದೆ, ಬಿಗಿ ಸಡಿಲಿಸು" ಅಂತ ಹೇಳಿರುತ್ತದೆ. ಬೇರೆಯವರು ಎತ್ತುವಾಗ ಆ ನಿಖರವಾದ ಗಳಿಗೆ ಅದಕ್ಕೆ ಸಿಗುವುದಿಲ್ಲ. ನೋಡುವುದು ಬೇರೆ, ಮೈಗೆ ಮುನ್ಸೂಚನೆ ಸಿಗುವುದು ಬೇರೆ ಅನ್ನುವುದು ಈ ಪುಸ್ತಕದ ಆಟದಲ್ಲೇ ಸ್ವಲ್ಪ ಕಾಣುತ್ತದೆ.

ಲಂಡನ್ನಿನ ಜಾರುಹಲಗೆ

ನನಗೆ ಆಗಿದ್ದನ್ನೇ ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ನೋಡಿದವರು ರೆನಾಲ್ಡ್ಸ್ ಮತ್ತು ಬ್ರಾನ್‌ಸ್ಟೀನ್. ಲಂಡನ್ನಿನಲ್ಲಿ ನಡೆದ ಈ ಕೆಲಸ ಪ್ರಕಟವಾಗಿದ್ದು 2003ರಲ್ಲಿ. 14 ಮಂದಿ ಆರೋಗ್ಯವಂತರು. ಎದುರಿಗೆ ಮೋಟಾರಿನಿಂದ ಓಡುವ ಒಂದು ಹಲಗೆ. ಓಡಿದರೆ ಸೆಕೆಂಡಿಗೆ 1.2 ಮೀಟರ್ ವೇಗ.

ಮೊದಲು ನಿಂತ ಹಲಗೆಯ ಮೇಲೆ ನಡೆದು ಹತ್ತಿದರು. ಆಗ ಅವರ ನಡಿಗೆ ಸೆಕೆಂಡಿಗೆ 0.60 ಮೀಟರ್. ಆಮೇಲೆ ಹಲಗೆ ಓಡಿಸಿ 20 ಸಲ ಹತ್ತಿಸಿದರು. ನಡಿಗೆ ತಾನಾಗಿಯೇ 0.90ಕ್ಕೆ ಏರಿತು. ಯಾರೂ ಜೋರಾಗಿ ನಡೆಯಿರಿ ಅಂದಿರಲಿಲ್ಲ, ಮೈಯೇ ಲೆಕ್ಕ ಹಾಕಿಕೊಂಡಿತ್ತು. ಆಮೇಲೆ ಹಲಗೆ ನಿಲ್ಲಿಸಿದರು. "ಇನ್ನು ಇದು ಓಡುವುದಿಲ್ಲ" ಅಂತ ಸ್ಪಷ್ಟವಾಗಿ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಹೇಳಿದರು. ಎಲ್ಲರಿಗೂ ಅರ್ಥವಾಗಿತ್ತು. ಆದರೂ ಅವರು 0.71 ವೇಗದಲ್ಲಿ ನಡೆದು ಹತ್ತಿದರು, ಮೈ ಮುಂದಕ್ಕೆ ಓಲಾಡಿತು, ಕಾಲಿನ ಸ್ನಾಯುಗಳು ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡಿದವು. ತಮ್ಮ ಮೈ ಹೀಗೆ ಮಾಡಿದ್ದು ಅವರಿಗೇ ಆಶ್ಚರ್ಯ. ಕೆಟ್ಟು ನಿಂತ ಎಸ್ಕಲೇಟರ್ ಹತ್ತುವಾಗಲೂ ಹೀಗೇ ಅನ್ನಿಸುತ್ತದೆ ಅಂದರು. ಎರಡನೇ ಸಲ ಹತ್ತುವ ಹೊತ್ತಿಗೆ ಬಹುತೇಕ ಎಲ್ಲ ಸರಿಹೋಗಿತ್ತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಒಂದು ಸಣ್ಣ ವಿವರ. ನಡಿಗೆಯ ವೇಗ ಏರಿದ್ದು ಪಾದ ಹಲಗೆಯನ್ನು ಮುಟ್ಟುವುದಕ್ಕೆ ಮುಂಚೆ. ಅಂದರೆ ಇದು ಅಂಗಾಲಿಗೆ ತಗುಲಿದ ಯಾವುದಕ್ಕೋ ಕೊಟ್ಟ ಉತ್ತರ ಅಲ್ಲ. ಇನ್ನೂ ನಡೆಯದೇ ಇದ್ದ ಒಂದು ಘಟನೆಗೆ ಮೈ ಕೊಟ್ಟ ಉತ್ತರ. ಆ ಘಟನೆ ನಡೆಯಲೇ ಇಲ್ಲ.

ಯಾವ ಇಂದ್ರಿಯ ಏನು ಹೇಳಿತು

ಈಗ ನನ್ನ ಆ ಮೂರು ಸೆಕೆಂಡುಗಳಿಗೆ ವಾಪಸ್ ಬರೋಣ.

ಕಣ್ಣು. ಹತ್ತಿಳಿಯುವ ಜಾಗದಲ್ಲಿ ನಡೆಯುವಾಗ ಕಣ್ಣು ಸುಮಾರು ಎರಡು ಹೆಜ್ಜೆ ಮುಂದೆ ನೋಡುತ್ತಿರುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಬಾಚಣಿಗೆ ಹಲ್ಲಿನಂಥ ಲೋಹದ ಪಟ್ಟಿ, ಗೆರೆಗೆರೆಯ ಮೆಟ್ಟಿಲು, ಅಂಚಿನ ಹಳದಿ ಗೀಟು, ಎರಡೂ ಬದಿಯ ಕಪ್ಪು ಪಟ್ಟಿ. ಇದೆಲ್ಲ ಒಂದೇ ಕಡೆ ಕಂಡರೆ ಅದು ಎಸ್ಕಲೇಟರ್ರೇ. ಬೇರೆ ಎಲ್ಲೂ ಈ ಗೆರೆಗಳು ಹೀಗೆ ಕಾಣುವುದಿಲ್ಲ. ಚಲನೆ ಇಲ್ಲ ಅನ್ನುವುದೂ ಅದೇ ಕಣ್ಣಿಗೆ ಕಂಡಿತ್ತು. ಆದರೆ ಗಮನಿಸಿ: ಗೆರೆಗೆರೆಯ ಮೆಟ್ಟಿಲು ಓಡುವಾಗಲೂ ಅದರ ಚಲನೆ ಕಣ್ಣಿಗೆ ಅಷ್ಟು ಢಾಳಾಗಿ ಕಾಣುವುದಿಲ್ಲ. ಎಲ್ಲ ಗೆರೆಯೂ ಒಂದೇ ಥರ. ಯಾವ ಗೆರೆ ಎಲ್ಲಿಗೆ ಹೋಯಿತು ಅಂತ ಹಿಡಿಯುವುದು ಕಷ್ಟ.

ಕಿವಿ. ಸದ್ದಿಲ್ಲ ಅಂತ ಹೇಳಿತು. ಆದರೆ ಸದ್ದು ಇಲ್ಲದಿರುವುದು ಬಡಪಾಯಿ ಸಾಕ್ಷಿ. ಸುತ್ತ ಅಷ್ಟು ಜನರ ಗಲಾಟೆಯಲ್ಲಿ ಅದಕ್ಕೆ ಬೆಲೆ ಕಡಿಮೆ.

ಅಂಗಾಲು ಮತ್ತು ಕೀಲು. ಬಾಚಣಿಗೆ ಪಟ್ಟಿಯ ಮೇಲೆ ಕಾಲಿಟ್ಟಾಗ ಚಪ್ಪಲಿಯಡಿ ನೆಲ ಬದಲಾಗುತ್ತದೆ. ಹಾಸುಗಲ್ಲು ಹೋಗಿ ಲೋಹ ಬರುತ್ತದೆ, ಸ್ವಲ್ಪ ತರಿತರಿ. ನೀವು ಗಮನ ಕೊಟ್ಟಿರಲಿಕ್ಕಿಲ್ಲ. ಕಾಲು ಗಮನ ಕೊಟ್ಟಿರುತ್ತದೆ. ಎಷ್ಟೋ ವರ್ಷದಿಂದ ಈ ತರಿತರಿ ಆದ ಮರುಕ್ಷಣವೇ ನೆಲ ಓಡಿದೆ. ಹಾಗಾಗಿ ಕಾಲಿನ ಪಾಲಿಗೆ ಅದೊಂದು ಕರೆಗಂಟೆ.

ಒಳಕಿವಿ. ಪ್ರತಿ ಒಳಕಿವಿಯಲ್ಲೂ ತಿರುಗುವಿಕೆ ಹಿಡಿಯುವ ಮೂರು ಅರೆವೃತ್ತದ ನಾಳಗಳಿವೆ. ನೇರ ಚಲನೆ ಹಾಗೂ ವಾಲುವಿಕೆ ಹಿಡಿಯುವ ಎರಡು ಪುಟ್ಟ ಚೀಲಗಳಿವೆ. ಆ ಚೀಲಗಳೊಳಗೆ ಲೋಳೆಯ ಪದರದ ಮೇಲೆ ಸುಣ್ಣದ ಹರಳುಗಳು ಕೂತಿರುತ್ತವೆ. ವೇಗ ಬದಲಾದರೆ ಹರಳು ಜರುಗುತ್ತದೆ, ಕೆಳಗಿನ ಕೂದಲಿನಂಥ ಕೋಶಗಳು ಬಾಗುತ್ತವೆ. ವೇಗ ಒಂದೇ ಸಮ ಇದ್ದರೆ ಹರಳು ಸುಮ್ಮನಿರುತ್ತದೆ. ನಿಂತಿದ್ದೀರೋ, ಒಂದೇ ವೇಗದಲ್ಲಿ ಹೋಗುತ್ತಿದ್ದೀರೋ ಒಳಕಿವಿಗೆ ಗೊತ್ತಾಗುವುದಿಲ್ಲ. ಪಕ್ಕದ ರೈಲು ಹೊರಟರೆ ನಮ್ಮ ರೈಲೇ ಹೊರಟಿತು ಅಂತ ಅನ್ನಿಸುವುದು ಇದಕ್ಕೇ. ಒಳಕಿವಿ ಬಾಯಿ ಬಿಡುವುದಿಲ್ಲ, ಕಣ್ಣು ಹೇಳಿದ್ದೇ ಸರಿ ಅಂತ ಆಗುತ್ತದೆ.

ಇಷ್ಟು ಸಾಕ್ಷಿಗಳನ್ನು ಮಿದುಳು ಹೇಗೆ ಒಟ್ಟು ಮಾಡುತ್ತದೆ? ತಲೆ ಎಣಿಸಿ ಬಹುಮತ ನೋಡುವುದಿಲ್ಲ. ಯಾರ ಮಾತು ಎಷ್ಟು ನಂಬಿಕಸ್ಥ ಅಂತ ತೂಗಿ ನೋಡುತ್ತದೆ. ಅರ್ನ್‌ಸ್ಟ್ ಮತ್ತು ಬ್ಯಾಂಕ್ಸ್ 2002ರಲ್ಲಿ ತೋರಿಸಿದ್ದು ಇದನ್ನೇ. ಒಂದು ದಿಣ್ಣೆಯ ಎತ್ತರವನ್ನು ಕಣ್ಣಿಂದಲೂ ಬೆರಳಿಂದಲೂ ಅಳೆಯಬೇಕು. ಚಿತ್ರ ಸ್ಪಷ್ಟವಾಗಿದ್ದಾಗ ಜನ ಕಣ್ಣಿನ ಕಡೆ ವಾಲಿದರು. ಚಿತ್ರ ಕಲಕಿದಂತೆಲ್ಲ ಬೆರಳಿನ ಕಡೆ ವಾಲಿದರು. ಎರಡನ್ನೂ ಕೂಡಿಸಿದಾಗ ಬಂದ ಅಂದಾಜು ಒಂದೊಂದೇ ಕೊಟ್ಟ ಅಂದಾಜಿಗಿಂತ ಕರಾರುವಾಕ್ಕಾಗಿತ್ತು. 2008ರಲ್ಲಿ ಗು, ಆಂಜೆಲಾಕಿ, ಡಿಆಂಜೆಲಿಸ್ ಇದರ ಗುರುತನ್ನು ಮಂಗಗಳ ಮಿದುಳಿನ ಕೋಶಗಳಲ್ಲೇ ಕಂಡರು. ನಾನು ಯಾವ ಕಡೆ ಸಾಗುತ್ತಿದ್ದೇನೆ ಅನ್ನುವುದಕ್ಕೆ ಕಣ್ಣಿನ ಸುದ್ದಿಯನ್ನೂ ಒಳಕಿವಿಯ ಸುದ್ದಿಯನ್ನೂ ಒಟ್ಟಿಗೆ ಕೇಳುವ ಕೋಶಗಳು ಅವು.

ಇಲ್ಲಿ ಇನ್ನೊಬ್ಬ ಸಾಕ್ಷಿ ಇದ್ದಾನೆ, ಎಲ್ಲರಿಗಿಂತ ಹಳಬ. ಅನುಭವ. ಒಂದು ಲೆಕ್ಕ ಹಾಕಿದೆ. ವರ್ಷಕ್ಕೆ 250 ದಿನ, ದಿನಕ್ಕೆ ಎರಡು ಸಲ ಎಸ್ಕಲೇಟರ್ ಹತ್ತಿದರೆ ಹತ್ತು ವರ್ಷಕ್ಕೆ 5000 ಸಲ. ಆ 5000ದಲ್ಲಿ ಅದು ನಿಂತಿದ್ದು ನನಗೆ ನೆನಪಿರುವ ಹಾಗೆ ಬೆರಳೆಣಿಕೆಯಷ್ಟು ಸಲ. ಗೆರೆಗೆರೆಯ ಮೆಟ್ಟಿಲು ಕಂಡ ಮೇಲೆ, ಕಾಲಡಿ ಲೋಹ ತರಿತರಿ ಅಂದ ಮೇಲೆ, "ನೆಲ ಓಡುತ್ತೆ" ಅಂತ ಪಣ ಕಟ್ಟುವುದು ದಡ್ಡತನವಲ್ಲ. "ಮಿದುಳು ಮೋಸ ಹೋಯಿತು" ಅಂತ ಇಂಥ ಕಥೆಗಳ ಕೊನೆಗೆ ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಅದರ ಜಾಗದಲ್ಲಿ ನಾನಿದ್ದರೂ ಅದನ್ನೇ ಪಣಕ್ಕಿಡುತ್ತಿದ್ದೆ.

ಬೋರ್ಡ್ ಓದಿದ್ದು ಯಾರು?

ಉಳಿದ ಪ್ರಶ್ನೆ ಒಂದೇ. ಕೆಟ್ಟಿದೆ ಅಂತ ನನಗೆ ಗೊತ್ತಿತ್ತಲ್ಲ. ಆ ತಿಳಿವಳಿಕೆ ಕಾಲಿನವರೆಗೆ ಯಾಕೆ ಇಳಿಯಲಿಲ್ಲ?

ಮಿದುಳಿನಲ್ಲಿ ನೆನಪಿನ ಅಂಗಡಿ ಒಂದೇ ಅಲ್ಲ. ಮಾತಿನಲ್ಲಿ ಹೇಳಬಹುದಾದ ತಿಳಿವಳಿಕೆ ಒಂದು ಕಡೆ: ಬೋರ್ಡಿನಲ್ಲಿ ಏನಿತ್ತು, ಇವತ್ತು ಯಾವ ವಾರ. ಮೈಗೆ ಬಂದ ಅಭ್ಯಾಸ ಇನ್ನೊಂದು ಕಡೆ: ಸೈಕಲ್ ತುಳಿಯುವುದು, ಎಸ್ಕಲೇಟರ್ ಹತ್ತುವುದು. ಎರಡನೆಯದರಲ್ಲಿ ಕಿರುಮಿದುಳಿನ ಪಾಲು ದೊಡ್ಡದು. ತಲೆಯ ಹಿಂಭಾಗದಲ್ಲಿ, ಕೆಳಗಡೆ ಇರುವ ಭಾಗ ಅದು. ಹೀಗೆ ಮಾಡಿದರೆ ಹೀಗಾಗುತ್ತದೆ ಅಂತ ಅದು ಮೊದಲೇ ಊಹಿಸುತ್ತದೆ. ಆಮೇಲೆ ಅಂಗಾಲು, ಕೀಲು, ಕಣ್ಣು, ಒಳಕಿವಿ ತಂದ ಸುದ್ದಿಯ ಜೊತೆ ಅದನ್ನು ತಾಳೆ ನೋಡುತ್ತದೆ. ತಪ್ಪಿದ್ದರೆ ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಅದು ತಿದ್ದಿಕೊಳ್ಳುವುದು ಆದ ತಪ್ಪನ್ನು ನೋಡಿ. ಬೋರ್ಡಿನ ಮೇಲಿನ ಅಕ್ಷರ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಲಂಡನ್ನಿನ ಆ 14 ಮಂದಿಗೆ ಎಚ್ಚರಿಕೆಯ ಮಾತು ಮಾಡಲಾಗದ್ದನ್ನು ಒಂದೇ ಒಂದು ಓಲಾಟ ಮಾಡಿತ್ತು.

ಇದರ ತದ್ವಿರುದ್ಧದ ಉದಾಹರಣೆಯೂ ಇದೆ, ನನಗೆ ತುಂಬ ಇಷ್ಟವಾದದ್ದು. ಒಂದು ದೊಡ್ಡ ಡಬ್ಬ, ಒಂದು ಸಣ್ಣ ಡಬ್ಬ. ಎರಡರ ತೂಕವೂ ಸರಿಸಮ. ಎತ್ತಿ ನೋಡಿದರೆ ಸಣ್ಣದೇ ಭಾರ ಅನ್ನಿಸುತ್ತದೆ. ಈ ಭ್ರಮೆಯನ್ನು ಶಾರ್ಪಂತಿಯೆ 1891ರಲ್ಲೇ ಬರೆದಿಟ್ಟಿದ್ದರು. 2000ದಲ್ಲಿ ಫ್ಲ್ಯಾನಗನ್ ಮತ್ತು ಬೆಲ್ಟ್‌ಜ್ನರ್ ಬೆರಳ ತುದಿಯ ಬಲವನ್ನು ಅಳೆದರು. ಮೊದಮೊದಲು ಜನ ದೊಡ್ಡ ಡಬ್ಬವನ್ನು ಜಾಸ್ತಿ ಬಲ ಹಾಕಿ ಎತ್ತುತ್ತಿದ್ದರು. ಕೆಲವು ಸಲ ಎತ್ತಿದ ಮೇಲೆ ಬೆರಳು ಎರಡಕ್ಕೂ ಸರಿಯಾದ, ಒಂದೇ ಬಲ ಹಾಕತೊಡಗಿತು. ಕೈಗೆ ಸತ್ಯ ಗೊತ್ತಾಯಿತು. ಆದರೆ ಬಾಯಿ ಮಾತ್ರ "ಸಣ್ಣದೇ ಭಾರ" ಅನ್ನುವುದನ್ನು ಬಿಡಲಿಲ್ಲ. ಅಲ್ಲಿ ಕೈ ಕಲಿತು ತಲೆ ಹಟ ಹಿಡಿಯಿತು. ಎಸ್ಕಲೇಟರ್ ಮೇಲೆ ತಲೆ ಕಲಿತು ಕಾಲು ಹಟ ಹಿಡಿಯಿತು.

ಮತ್ತೆ ಹತ್ತಿ ನೋಡಿದ್ದು

ಆ ಎಸ್ಕಲೇಟರ್ ಹನ್ನೆರಡು ದಿನ ಕೆಟ್ಟೇ ಇತ್ತು. ರಿಪೇರಿ ತಡವಾಗಿದ್ದಕ್ಕೆ ಖುಷಿಪಟ್ಟವಳು ಬಹುಶಃ ನಾನೊಬ್ಬಳೇ. ತಮ್ಮನನ್ನು ಕರೆದುಕೊಂಡು ಹೋದೆ. ಅವನ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 4 ಮಿಲಿಸೆಕೆಂಡ್. ಮನೆಮಟ್ಟದ ಪ್ರಯೋಗಕ್ಕೆ ಧಾರಾಳ ಸಾಕು.

ಪಕ್ಕದಿಂದ ತೆಗೆದ ಮೊದಲ ವಿಡಿಯೋ ನೋಡಿ ನನಗೇ ನಗು ಬಂತು. ಬಲಪಾದ ಇನ್ನೂ ಗಾಳಿಯಲ್ಲಿದೆ. ಮೆಟ್ಟಿಲು ಮುಟ್ಟಲು ಒಂದು ಗೇಣು ಬಾಕಿ. ಅಷ್ಟರಲ್ಲೇ ಭುಜ ಮುಂದಕ್ಕೆ ಬಂದಾಗಿದೆ, ಹಿಂದಿನ ಕಾಲಿನ ಹಿಮ್ಮಡಿ ಎದ್ದಿದೆ, ಮೀನಖಂಡ ಬಿಗಿಯಾಗಿ ಉಬ್ಬಿದೆ. ಪಾದ ಊರಿದ ಮೇಲೆ ತಲೆ ಒಂದು ಸಲ ಮುಂದೆ ಹೋಗಿ ಹಿಂದೆ ಬರುತ್ತದೆ, ಗಾಳಿಗೆ ಜೋಳದ ದಂಟು ಬಾಗಿ ನಿಲ್ಲುವ ಹಾಗೆ. ಕಟ್ಟಡದ ಸಾದಾ ಮೆಟ್ಟಿಲು ಹತ್ತುವ ವಿಡಿಯೋದಲ್ಲಿ ಇದ್ಯಾವುದೂ ಇಲ್ಲ.

ಎರಡನೇ ಸಲ ಓಲಾಟ ಕಡಿಮೆ. ಮೂರನೇ ಸಲ ನನಗೆ ಏನೂ ಅನ್ನಿಸಲಿಲ್ಲ. ಐದನೇ ಸಲಕ್ಕೆ ತಮ್ಮನ ತಾಳ್ಮೆ ಮುಗಿಯಿತು. "ಅಕ್ಕ, ಸಾಕು, ಜನ ನೋಡ್ತಿದ್ದಾರೆ." ಕಾವಲಿನವರೂ ಬಂದು ಏನು ವಿಷಯ ಅಂತ ವಿಚಾರಿಸಿ ಹೋದರು.

ಕಣ್ಣು ಮುಚ್ಚಿಕೊಂಡು, ತಮ್ಮನ ಕೈ ಹಿಡಿದು ಒಮ್ಮೆ ಹತ್ತಿದೆ. ಅದರಿಂದ ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿದ ಕೂಡಲೇ ನಾನು ಬಸವನಹುಳುವಿನಂತೆ ನಡೆದೆ, ಇನ್ನು ಓಲಾಡಲು ವೇಗವೇ ಎಲ್ಲಿತ್ತು?

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ನಡುವಿನ ದಿನಗಳಲ್ಲಿ ಬೇರೆ ಕಡೆ ಓಡುವ ಎಸ್ಕಲೇಟರ್ ಎಷ್ಟೋ ಸಲ ಹತ್ತಿದ್ದೆ. ಮೊದಲ ಹೆಜ್ಜೆಗೆ ಅದೇ ಹಳೆ ನೂಕು ವಾಪಸ್ ಬಂತು. ಸ್ವಲ್ಪ ಮೆದುವಾಗಿತ್ತು, ಆದರೆ ಇತ್ತು. ಇಷ್ಟೆಲ್ಲ ಓದಿಕೊಂಡಿದ್ದೆ, ವಿಡಿಯೋ ನೋಡಿದ್ದೆ, ಯಾವ ಗಳಿಗೆಯಲ್ಲಿ ಏನಾಗುತ್ತದೆ ಅಂತ ಬಾಯಿಪಾಠ ಆಗಿತ್ತು. ಕಾಲಿಗೆ ಅದರ ಪರಿವೆಯೇ ಇಲ್ಲ.

ಅಮ್ಮ ಯಾಕೆ ಎಡವಲಿಲ್ಲ

ಈಗ ಅಮ್ಮನ ಮಾತು. ಎಸ್ಕಲೇಟರ್ ಹತ್ತುವ ಅಭ್ಯಾಸವೇ ಇಲ್ಲದವರಿಗೆ ಗೆರೆಗೆರೆಯ ಲೋಹ ಬರೀ ಲೋಹ. ಅದು ಕಂಡರೆ ನೆಲ ಓಡುತ್ತದೆ ಅಂತ ಅವರ ಮೈ ಊಹಿಸುವುದಿಲ್ಲ. ಅವರ ತಲೆಯಲ್ಲಿ ಭಯ ಇದೆ, ಕಾಲಿನಲ್ಲಿ ಎಸ್ಕಲೇಟರ್ ಇಲ್ಲ. ನಿಂತಿದೆ ಅಂತ ಬೋರ್ಡ್ ಓದಿ ಹೇಳಿದ ಮೇಲೆ ಭಯವೂ ಹೋಯಿತು, ಉಳಿದಿದ್ದು ಮೆಟ್ಟಿಲು ಮಾತ್ರ.

ಹೀಗೆ ಹೇಳುವುದು ಸೊಗಸಾಗಿದೆ, ಆದರೆ ಇಷ್ಟಕ್ಕೇ ಪೂರ್ತಿ ನಂಬಲು ನನಗೆ ಮನಸ್ಸಿಲ್ಲ. ಅಮ್ಮ ನನಗಿಂತ ನಿಧಾನ ನಡೆಯುತ್ತಾರೆ. ಆವತ್ತು ಮೊದಲಿಂದಲೇ ಪಟ್ಟಿ ಹಿಡಿದಿದ್ದರು. ಮುಂದೆ ಮಗಳು ಮುಗ್ಗರಿಸಿದ್ದನ್ನು ಕಣ್ಣಾರೆ ನೋಡಿದ್ದರು. ಈ ಮೂರರಲ್ಲಿ ಯಾವುದಾದರೂ ಒಂದು ಸಾಕು ಎಡವದೇ ಇರಲು. ಒಬ್ಬರನ್ನು ಒಂದು ಸಲ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಆದರೂ ಆವತ್ತು ಆ ಎಸ್ಕಲೇಟರ್ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ಬೇರೆಯವರನ್ನು ನೋಡಿದ್ದೆ. ದಡಬಡ ಬಂದು ಹತ್ತಿದವರಲ್ಲಿ ಕೆಲವರು ಮೊದಲ ಹೆಜ್ಜೆಗೆ ತಟ್ಟನೆ ತಲೆ ಆಡಿಸಿದ ಹಾಗೆ ಮಾಡಿ, ಯಾರಾದರೂ ನೋಡಿದರಾ ಅಂತ ಅತ್ತಿತ್ತ ನೋಡಿ ಮುಂದೆ ಹೋದರು. ಬುಡದಲ್ಲಿ ಒಂದು ಗಳಿಗೆ ನಿಂತು ಹತ್ತಿದವರಿಗೆ ಹಾಗಾಗಿದ್ದು ನನಗೆ ಕಾಣಲಿಲ್ಲ.

ಈಗ ನಾನೂ ಹಾಗೇ ಮಾಡುತ್ತೇನೆ. ನಿಂತ ಎಸ್ಕಲೇಟರ್ ಎದುರಾದರೆ ಬಾಚಣಿಗೆ ಪಟ್ಟಿಯ ಮೇಲೆ ಎರಡೂ ಕಾಲು ಜೋಡಿಸಿ ನಿಲ್ಲುತ್ತೇನೆ. ಪಟ್ಟಿ ಹಿಡಿಯುತ್ತೇನೆ. ಅಂಗೈಯಡಿ ರಬ್ಬರ್ ಓಡುತ್ತಿಲ್ಲ ಅನ್ನುವುದು ಕೈಗೆ ತಟ್ಟುತ್ತದೆ. ಇದು ಮುಟ್ಟಿ ತಿಳಿದ ಸುದ್ದಿ, ಬೋರ್ಡಿನ ಸುದ್ದಿಗಿಂತ ಮೈಗೆ ಹತ್ತಿರದ್ದು ಅಂತ ನನ್ನ ಅಂದಾಜು. ನಡಿಗೆಯ ವೇಗವನ್ನೂ ಅಲ್ಲೇ ಬಿಟ್ಟಿರುತ್ತೇನೆ. ಹಾಗಾಗಿ ಮೈ ಮುಂದಕ್ಕೆ ತಳ್ಳಿಕೊಂಡರೂ ಜಾಸ್ತಿ ದೂರ ಹೋಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ, ಅದರಲ್ಲೂ ದಿನಾ ಎಸ್ಕಲೇಟರ್ ಬಳಸುವ ರೂಢಿ ಇದ್ದವರಾದರೆ, ಅವರನ್ನೂ ಹೀಗೆ ನಿಲ್ಲಿಸಿ ಹತ್ತಿಸುತ್ತೇನೆ. ರೂಢಿ ಇದ್ದವರಿಗೇ ಎಚ್ಚರಿಕೆ ಜಾಸ್ತಿ ಬೇಕು ಅನ್ನುವುದು ಮೊದಲಾಗಿದ್ದರೆ ನನಗೆ ತಲೆಕೆಳಗು ಅನ್ನಿಸುತ್ತಿತ್ತು.

ಹದಿಮೂರನೇ ದಿನ ಎಸ್ಕಲೇಟರ್ ಸರಿಹೋಯಿತು. ಬೋರ್ಡ್ ತೆಗೆದಿದ್ದರು, ಗುಂಯ್ ಸದ್ದು ಮತ್ತೆ ಶುರುವಾಗಿತ್ತು. ಅಮ್ಮನೂ ಜೊತೆಗಿದ್ದರು. "ಬಾಮ್ಮ, ಆವತ್ತು ಎಷ್ಟು ಚೆನ್ನಾಗಿ ಹತ್ತಿದ್ಯಲ್ಲ" ಅಂದೆ. ಅಮ್ಮ ಬುಡದಲ್ಲಿ ನಿಂತು, ಬಾಚಣಿಗೆ ಹಲ್ಲಿನಡಿಯಿಂದ ಒಂದಾದ ಮೇಲೊಂದು ಹೊರಬರುವ ಮೆಟ್ಟಿಲುಗಳನ್ನು ನೋಡಿದರು. ಒಂದು ಕಾಲು ಎತ್ತಿದರು. ಇಳಿಸಿದರು.

"ಆವತ್ತು ಮೆಟ್ಟಿಲಾಗಿತ್ತು ಕಣೇ" ಅಂದು ಲಿಫ್ಟ್ ಕಡೆ ಹೊರಟರು.